ಬರ್ಲಿನ್‌ನಲ್ಲಿ ಸಂಸಾರ ನಡೆಸಲು ವರ್ಷಕ್ಕೆ 66,000 ಯೂರೋ ಸಂಬಳ ಸಾಕಾಗುತ್ತದೆಯೇ?

ಪ್ರಶ್ನೆ: ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ಬರ್ಲಿನ್‌ನ ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯೊಂದರಿಂದ ನನಗೆ ವರ್ಷಕ್ಕೆ 66,000 ಯೂರೋ ಸಂಬಳದ ಕೆಲಸದ ಆಹ್ವಾನ ಬಂದಿದೆ. ಇದು ಕಡಿತಗಳಿಗೆ ಮುಂಚಿನ ಮೊತ್ತ. ನುರಿತ ವಿದೇಶಿ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿಯ ಮೇಲೆ ಮೊದಲು ನಾನೊಬ್ಬನೇ ಹೋಗಿ, ಮೂರ್ನಾಲ್ಕು ತಿಂಗಳಾದ ಮೇಲೆ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳನ್ನು ಕರೆಸಿಕೊಳ್ಳುವ ಯೋಚನೆ ಇದೆ. ಹೆಂಡತಿ ಇಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾರೆ. ಅಲ್ಲಿಗೆ ಬಂದ ಮೇಲೆ ಭಾಷೆ ಕಲಿಯುವವರೆಗಾದರೂ ಅವರಿಗೆ ಸಂಬಳ ಇರಲಾರದು ಎಂದುಕೊಂಡು ಲೆಕ್ಕ ಹಾಕುತ್ತಿದ್ದೇನೆ.

ಬರ್ಲಿನ್‌ನ ಜೀವನವೆಚ್ಚದ ಬಗ್ಗೆ ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಯೂರೋಪಿನ ರಾಜಧಾನಿಗಳಲ್ಲಿ ಅದು ಅಗ್ಗದ ನಗರ ಎಂದು ಕೆಲವರು ಬರೆಯುತ್ತಾರೆ. ಬಾಡಿಗೆಗೇ ಅರ್ಧ ಸಂಬಳ ಹೋಗುತ್ತದೆ ಎಂದು ಇನ್ನು ಕೆಲವರು. ಇಬ್ಬರೂ ಅದೇ ನಗರದಲ್ಲಿ ಇರುವವರು ಎಂಬುದೇ ನನಗೆ ಅರ್ಥವಾಗದ ಸಂಗತಿ. ಕೈಗೆ ಬರುವ ಸಂಬಳ ಎಷ್ಟಾಗಬಹುದು, ಮೂವರ ಸಂಸಾರಕ್ಕೆ ತಿಂಗಳಿಗೆ ಎಷ್ಟು ಬೇಕು, ಊರಿನಲ್ಲಿರುವ ತಂದೆತಾಯಿಗೆ ಮತ್ತು ಮನೆಸಾಲದ ಕಂತಿಗೆಂದು ತಿಂಗಳಿಗೆ 600 ಯೂರೋ ಕಳುಹಿಸಲು ಸಾಧ್ಯವೇ ಎಂಬುದನ್ನು ಅಲ್ಲಿ ನೆಲೆಸಿರುವವರು ದಯವಿಟ್ಟು ತಿಳಿಸಿ. ಹೊರಡುವಾಗ ಕೈಯಲ್ಲಿ ಎಷ್ಟು ಹಣ ಇಟ್ಟುಕೊಂಡಿರಬೇಕು ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ಲೆಕ್ಕಿಗ

ಹೊಸಹೆಜ್ಜೆ ಅವರೇ, ಅಭಿನಂದನೆಗಳು. ನೀವು ಓದಿದ ಎರಡೂ ಮಾತು ನಿಜ. ಬರ್ಲಿನ್‌ನಲ್ಲಿ ಒಬ್ಬರ ಜೀವನವೆಚ್ಚವನ್ನು ತೀರ್ಮಾನಿಸುವುದು ಅವರ ಬಾಡಿಗೆ ಕರಾರಿನ ಮೇಲಿರುವ ತಾರೀಖು. ಅಲ್ಲಿ ಹತ್ತು ಹದಿನೈದು ವರ್ಷಗಳಿಂದ ಒಂದೇ ಮನೆಯಲ್ಲಿ ಇರುವವರ ಬಾಡಿಗೆ ನಿಧಾನವಾಗಿ ಮಾತ್ರ ಏರುತ್ತದೆ, ಏಕೆಂದರೆ ನಡೆಯುತ್ತಿರುವ ಕರಾರಿನಲ್ಲಿ ಮೂರು ವರ್ಷಕ್ಕೆ ಶೇ. 15ಕ್ಕಿಂತ ಹೆಚ್ಚು ಏರಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. ನಗರವು ಪ್ರಕಟಿಸುವ ಬಾಡಿಗೆ ಸೂಚಿಯ 2024ರ ಆವೃತ್ತಿಯಲ್ಲಿ ಸರಾಸರಿ ಬಾಡಿಗೆ ಚದರ ಮೀಟರಿಗೆ 7.21 ಯೂರೋ. ಇಂದು ಹೊಸದಾಗಿ ಮನೆ ಹುಡುಕುವವರಿಗೆ ಜಾಹೀರಾತುಗಳಲ್ಲಿ ಕಾಣುವುದು ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಆದ್ದರಿಂದ ಹಳಬರು ಹೇಳುವ ಖರ್ಚಿನ ಲೆಕ್ಕ ಎಷ್ಟೇ ಪ್ರಾಮಾಣಿಕವಾಗಿದ್ದರೂ ನಿಮಗೆ ಉಪಯೋಗಕ್ಕೆ ಬಾರದು. ಕಳೆದ ಒಂದೆರಡು ವರ್ಷಗಳಲ್ಲಿ ಬಂದವರನ್ನು ಮಾತ್ರ ಕೇಳಿ.

ಈಗ ಸಂಬಳಕ್ಕೆ ಬರೋಣ. ತಿಂಗಳಿಗೆ 5,500 ಯೂರೋ ಎಂದರೆ ಅದರಲ್ಲಿ ಪಿಂಚಣಿ ವಿಮೆಗೆ ನಿಮ್ಮ ಪಾಲು ಶೇ. 9.3, ನಿರುದ್ಯೋಗ ವಿಮೆಗೆ ಶೇ. 1.3, ಆರೋಗ್ಯ ವಿಮೆಗೆ ಶೇ. 7.3 ಮತ್ತು ಅದರ ಮೇಲೆ ನೀವು ಆಯ್ದುಕೊಳ್ಳುವ ವಿಮಾಸಂಸ್ಥೆಯ ಹೆಚ್ಚುವರಿ ವಂತಿಗೆಯ ಅರ್ಧ, ದೀರ್ಘಕಾಲದ ಆರೈಕೆಯ ವಿಮೆಗೆ ಒಂದು ಮಗುವಿರುವವರಿಗೆ ಶೇ. 1.8 ಮುರಿಯುತ್ತಾರೆ. ಇಷ್ಟರಲ್ಲೇ ಸುಮಾರು 1,160 ಯೂರೋ ಹೋಗುತ್ತದೆ. ಉಳಿದದ್ದು ಆದಾಯ ತೆರಿಗೆ, ಮತ್ತು ಅದು ನಿಮ್ಮ ತೆರಿಗೆ ವರ್ಗವನ್ನು ಅವಲಂಬಿಸಿದೆ. ಹೆಂಡತಿ ಜರ್ಮನಿಗೆ ಬಂದು ನೋಂದಣಿ ಆಗುವವರೆಗೆ ನೀವು ಮದುವೆಯಾಗಿದ್ದರೂ ಒಂಟಿಯವರ ಹಾಗೆ 1ನೇ ವರ್ಗದಲ್ಲಿ ಇರುತ್ತೀರಿ. ಆಗ ಕೈಗೆ ಬರುವುದು ಸುಮಾರು 3,400 ಯೂರೋ. ಅವರು ಬಂದ ಮೇಲೆ ತಾನಾಗಿಯೇ ದಂಪತಿಗೆ 4ನೇ ವರ್ಗ ಬೀಳುತ್ತದೆ, ಅದರಿಂದ ತಿಂಗಳ ಸಂಬಳದಲ್ಲಿ ಏನೂ ವ್ಯತ್ಯಾಸವಾಗದು. ಸಂಬಳವಿರುವ ನಿಮಗೆ 3, ಹೆಂಡತಿಗೆ 5 ಎಂಬ ಜೋಡಿ ಬೇಕೆಂದು ತೆರಿಗೆ ಕಚೇರಿಗೆ ನೀವೇ ಅರ್ಜಿ ಕೊಡಬೇಕು. 3ನೇ ವರ್ಗದಲ್ಲಿ ಸುಮಾರು 3,800 ಯೂರೋ ಕೈಗೆ ಬರುತ್ತದೆ. ಈ 400 ಯೂರೋ ವ್ಯತ್ಯಾಸವನ್ನು ಮನೆಯವರು ಬಂದ ತಿಂಗಳೇ ಪಡೆಯದೆ ಅರ್ಜಿಯನ್ನು ಮುಂದಕ್ಕೆ ಹಾಕುವವರು ಬಹಳ. ಆ ಹಣ ಮುಂದಿನ ವರ್ಷ ತೆರಿಗೆ ವಿವರ ಸಲ್ಲಿಸಿದಾಗ ಹಿಂದಿರುಗುತ್ತದೆ ಎನ್ನುವುದು ನಿಜವಾದರೂ, ಹಣದ ಬಿಗಿ ಇರುವುದು ಈ ವರ್ಷ ತಾನೇ?

ಒಂದು ಎಚ್ಚರಿಕೆ: ಜರ್ಮನಿಗೆ ಬರುವ ವರ್ಷದಲ್ಲಿ ನೀವು ಊರಿನಲ್ಲಿ ಗಳಿಸಿದ ಸಂಬಳಕ್ಕೆ ಅಲ್ಲಿ ಮತ್ತೆ ತೆರಿಗೆ ಇಲ್ಲ, ಆದರೆ ತೆರಿಗೆಯ ದರವನ್ನು ನಿಗದಿಪಡಿಸುವಾಗ ಅದನ್ನೂ ಸೇರಿಸಿಕೊಂಡು ನೋಡುತ್ತಾರೆ. ವರ್ಷದ ಮಧ್ಯದಲ್ಲಿ ಬಂದವರು ದೊಡ್ಡ ಮೊತ್ತ ವಾಪಸು ಬರುತ್ತದೆಂದು ಕಾದು ಕುಳಿತು ನಿರಾಶರಾಗುವುದು ಇದೇ ಕಾರಣಕ್ಕೆ. ಊರಿನ ಸಂಬಳ ಚೀಟಿಗಳನ್ನು ಜೊತೆಯಲ್ಲಿ ತನ್ನಿ.

ಒಟ್ಟಾರೆ ಮೂವರ ಸಂಸಾರದ ಲೆಕ್ಕ ಹೀಗೆ. ಎಪ್ಪತ್ತು ಚದರ ಮೀಟರಿನ, ಪೀಠೋಪಕರಣ ಇಲ್ಲದ ಮನೆಗೆ ಹೀಟಿಂಗ್ ಮತ್ತು ನಿರ್ವಹಣೆ ಸೇರಿ 1,500ರಿಂದ 1,600 ಯೂರೋ, ವಿದ್ಯುತ್ತು, ಇಂಟರ್ನೆಟ್, ಫೋನ್ ಸೇರಿ 130, ದಿನಸಿಗೆ 600, ಇಬ್ಬರ ಪ್ರಯಾಣದ ಪಾಸಿಗೆ 126, ಬಟ್ಟೆ, ಹೊರಗಿನ ಊಟ, ಓಡಾಟ, ಅಕಸ್ಮಾತ್ತಾಗಿ ಬಂದೊದಗುವ ಖರ್ಚು ಎಂದು 400. ಮಿಕ್ಕ ಚಿಲ್ಲರೆ ಬಾಬ್ತುಗಳನ್ನೂ ಸೇರಿಸಿದರೆ 2,900ರ ಆಸುಪಾಸು. ಮಗುವಿಗಾಗಿ ಸರ್ಕಾರ ಕೊಡುವ ಕಿಂಡರ್‌ಗೆಲ್ಡ್ 2026ರ ಜನವರಿಯಿಂದ ತಿಂಗಳಿಗೆ 259 ಯೂರೋ ಆಗಿದೆ. ಅದನ್ನು ಸೇರಿಸಿದರೆ ನಿಮ್ಮ ಆದಾಯ 4,060 ಯೂರೋ. ಈ ಸ್ಥಿತಿಗೆ ತಲುಪಿದ ಮೇಲೆ 600 ಯೂರೋ ಕಳುಹಿಸುವುದು ಕಷ್ಟವಲ್ಲ. ತಲುಪಲು ಹಿಡಿಯುವ ಕಾಲದ ಬಗ್ಗೆ ಮಾತ್ರ ಯೋಚಿಸಬೇಕು.

ಉತ್ತರ 2: ಸ್ಪ್ರೇ ದಂಡೆ

ಲೆಕ್ಕಿಗ ಅವರು ಕೊನೆಯ ಸಾಲಿನಲ್ಲಿ ಹೇಳಿ ಬಿಟ್ಟದ್ದನ್ನು ನಾನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಹೊಸದಾಗಿ ಬರುವವರ ಉಳಿತಾಯವೆಲ್ಲ ಕರಗಿ ಹೋಗುವುದು ಅಲ್ಲಿಯೇ.

ಪೀಠೋಪಕರಣ ಇಲ್ಲದ, ಅವಧಿಯ ಮಿತಿ ಇಲ್ಲದ ಮನೆಯ ಕರಾರು ಬೇಕೆಂದರೆ ಮಾಲೀಕರು ಕೇಳುವ ಕಾಗದಗಳು ಮೂರು ತಿಂಗಳ ಸಂಬಳ ಚೀಟಿ, ಶೂಫಾ ಎಂಬ ಸಾಲಚರಿತ್ರೆಯ ವರದಿ, ಹಿಂದಿನ ಮನೆಯ ಮಾಲೀಕರಿಂದ ಬಾಡಿಗೆ ಬಾಕಿ ಇಲ್ಲವೆಂಬ ಪತ್ರ. ವಿಮಾನದಿಂದ ಇಳಿದವರ ಬಳಿ ಈ ಮೂರೂ ಇರುವುದಿಲ್ಲ. ಹಾಗಾಗಿ ಬಹುತೇಕ ಎಲ್ಲರೂ ಮೊದಲು ಸೇರುವುದು ಆರು ತಿಂಗಳಿಗೋ ವರ್ಷಕ್ಕೋ ಕೊಡುವ ಪೀಠೋಪಕರಣ ಸಮೇತದ ಮನೆಗೆ, ಮತ್ತು ಅಂಥ ಎರಡು ಕೋಣೆಯ ಮನೆಗೆ ಈಗ 1,800ರಿಂದ 2,400 ಯೂರೋವರೆಗೆ ಕೇಳುತ್ತಾರೆ. ಹೊಸ ಕರಾರಿನ ಬಾಡಿಗೆ ಸ್ಥಳೀಯ ಸೂಚಿಗಿಂತ ಶೇ. 10ಕ್ಕಿಂತ ಹೆಚ್ಚಿರಕೂಡದು ಎಂಬ ಬಾಡಿಗೆ ನಿಯಂತ್ರಣ ಬರ್ಲಿನ್‌ನಲ್ಲಿ 2015ರ ಜೂನ್‌ನಿಂದ ಜಾರಿಯಲ್ಲಿದೆ. ಆದರೆ ತಾತ್ಕಾಲಿಕ ವಾಸಕ್ಕೆಂದು ಕೊಟ್ಟ ಮನೆಗೆ ಅದು ಅನ್ವಯಿಸದು. 2014ರ ಅಕ್ಟೋಬರ್ ನಂತರ ಮೊದಲ ಬಾರಿಗೆ ಬಳಕೆಗೆ ಬಂದ ಹೊಸ ಕಟ್ಟಡಗಳಿಗೂ ಅನ್ವಯಿಸದು. ಪೀಠೋಪಕರಣಕ್ಕೆಂದು ಎಷ್ಟು ಸೇರಿಸಿದ್ದೇವೆ ಎಂಬುದನ್ನು ಮಾಲೀಕರು ಬಿಡಿಸಿ ಹೇಳುವ ರೂಢಿಯೂ ಇಲ್ಲ. ಒಂದು ಸೋಫಾ, ಎರಡು ಮಂಚ, ನಾಲ್ಕು ತಟ್ಟೆ ಇಟ್ಟು ತಿಂಗಳಿಗೆ 600 ಯೂರೋ ಹೆಚ್ಚು ವಸೂಲು ಮಾಡುವ ಈ ವ್ಯಾಪಾರ ನಗರದಲ್ಲಿ ಬೆಳೆಯುತ್ತಿರುವುದು ಈ ಸಂದಿಯಿಂದಲೇ ಎಂಬುದು ನನ್ನ ದೃಢ ಅಭಿಪ್ರಾಯ.

ನಿಮ್ಮ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡಿ. ಮನೆಯವರು ಬಂದ ಮೊದಲ ತಿಂಗಳುಗಳಲ್ಲಿ ತೆರಿಗೆ ವರ್ಗ ಬದಲಾಗಿರುವುದಿಲ್ಲ, ಕಿಂಡರ್‌ಗೆಲ್ಡ್ ಮಂಜೂರಾಗಿರುವುದಿಲ್ಲ. ಕೈಗೆ ಬರುವುದು 3,400, ಬಾಡಿಗೆ 2,200, ಉಳಿದ ಖರ್ಚು ಹೇಗೆ ಹಿಡಿದರೂ 1,200. ತಿಂಗಳ ಕೊನೆಗೆ ಉಳಿಯುವುದು ಸೊನ್ನೆ. ಆ ಅವಧಿಯಲ್ಲಿ 600 ಯೂರೋ ಕಳುಹಿಸುವುದಾದರೆ ಅದು ನೀವು ಊರಿನಿಂದ ತಂದ ಹಣವನ್ನೇ ಮರಳಿ ಊರಿಗೆ ಕಳುಹಿಸಿದಂತೆ.

ಆದ್ದರಿಂದ ನೀವು ಮೊದಲು ಒಬ್ಬರೇ ಬರುವ ಯೋಚನೆ ಒಳ್ಳೆಯದು, ಆದರೆ ಒಬ್ಬರೇ ಇರುವಾಗ ಸಂಸಾರದ ಅಳತೆಯ ಮನೆ ಹಿಡಿಯಬೇಡಿ. ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ 650ರಿಂದ 900 ಯೂರೋಗೆ ಸಿಗುತ್ತದೆ. ಅದರಲ್ಲಿ ಇದ್ದುಕೊಂಡು ಮೂರು ಸಂಬಳ ಚೀಟಿ ಕೈಗೆ ಬರುತ್ತಿದ್ದಂತೆ ದೊಡ್ಡ ಮನೆಗೆ ಅರ್ಜಿ ಹಾಕಲು ಶುರುಮಾಡಿ. ಕೋಣೆಯನ್ನೋ ಮನೆಯನ್ನೋ ಒಪ್ಪಿಕೊಳ್ಳುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಒಂದೇ: ಈ ವಿಳಾಸದಲ್ಲಿ ಅನ್‌ಮೆಲ್ಡುಂಗ್ ಎಂಬ ವಿಳಾಸ ನೋಂದಣಿ ಮಾಡಿಸಲು ಮಾಲೀಕರು ಸಹಿ ಮಾಡಿದ ಪತ್ರ ಕೊಡುತ್ತಾರೆಯೇ? ಮನೆ ಸೇರಿದ ಹದಿನಾಲ್ಕು ದಿನದೊಳಗೆ ಬ್ಯುರ್ಗರ್‌ಆಮ್ಟ್ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು. ಆ ನೋಂದಣಿಯಿಂದಲೇ ತೆರಿಗೆಯ ಗುರುತುಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಅದಿಲ್ಲದಿದ್ದರೆ ಕಂಪನಿಯು ಎಲ್ಲಕ್ಕಿಂತ ಹೆಚ್ಚು ತೆರಿಗೆಯ 6ನೇ ವರ್ಗದಲ್ಲಿ ಕಡಿತ ಮಾಡುವ ಸಾಧ್ಯತೆ ಇದೆ. ಅಗ್ಗವೆಂದು ಕಂಡ ಕೋಣೆ ನೋಂದಣಿಗೆ ಒಪ್ಪದಿದ್ದರೆ ಅದು ಅಗ್ಗವಲ್ಲ.

ಬಾಡಿಗೆಯ ಜಾಹೀರಾತಿನಲ್ಲಿ ಎರಡು ಮೊತ್ತ ಇರುತ್ತವೆ. ಕಾಲ್ಟ್ ಎಂದು ಬರೆದದ್ದು ಬರಿಯ ಮನೆಯ ಬಾಡಿಗೆ. ವಾರ್ಮ್ ಎಂದು ಬರೆದದ್ದರಲ್ಲಿ ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚು ಸೇರಿರುತ್ತದೆ. ವಿದ್ಯುತ್ತು ಎರಡರಲ್ಲೂ ಸಾಮಾನ್ಯವಾಗಿ ಸೇರಿರುವುದಿಲ್ಲ. ಮಾಲೀಕರು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಅಳತೆಯೆಂದರೆ ಕೈಗೆ ಬರುವ ಸಂಬಳ ಕಾಲ್ಟ್ ಬಾಡಿಗೆಯ ಮೂರು ಪಟ್ಟು ಇರಬೇಕು ಎಂಬುದು. ಹಾಗೆ ನೋಡಿದರೆ ನಿಮ್ಮ ಎಟುಕಿನಲ್ಲಿರುವುದು 1,250 ಯೂರೋ ಕಾಲ್ಟ್‌ವರೆಗಿನ ಮನೆ. ಎಸ್‌-ಬಾನ್ ರೈಲಿನ ವರ್ತುಲದ ಒಳಗೆ ಆ ಬೆಲೆಗೆ ಎಪ್ಪತ್ತು ಚದರ ಮೀಟರ್ ಸಿಗುವುದು ದುರ್ಲಭ. ಸ್ಪಾಂಡೌ, ಮಾರ್ಜಾನ್, ಕ್ಯೋಪೆನಿಕ್, ರೈನಿಕೆನ್‌ಡೋರ್ಫ್ ಕಡೆ ಹುಡುಕಿ. ಡೆಗೆವೋ, ಗೆಸೋಬೌ, ಗೆವೋಬಾಗ್, ಹೋವೋಗೆ, ಶ್ಟಾಟ್ ಉಂಟ್ ಲಾಂಟ್, ವೇಬೇಎಮ್ ಎಂಬ ನಗರದ ಒಡೆತನದ ಆರು ವಸತಿ ಸಂಸ್ಥೆಗಳ ಖಾಲಿ ಮನೆಗಳೆಲ್ಲ ಒಂದೇ ಜಾಲತಾಣದಲ್ಲಿ ಕಾಣಸಿಗುತ್ತವೆ. ಅವುಗಳಲ್ಲಿ ದೊಡ್ಡ ಪಾಲು ಕಡಿಮೆ ಆದಾಯದವರ ಪ್ರಮಾಣಪತ್ರ ಇರುವವರಿಗೆ ಮೀಸಲಾದರೂ, ಉಳಿದವಕ್ಕೆ ನೀವೂ ಅರ್ಜಿ ಹಾಕಬಹುದು. ಜಾಹೀರಾತು ಬಂದ ಅರ್ಧ ಗಂಟೆಯೊಳಗೆ ಹಾಕಿದರೆ ಮಾತ್ರ ಪ್ರಯೋಜನ.

ಠೇವಣಿ ಕಾಲ್ಟ್ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ, ಮತ್ತು ಅದನ್ನು ಮೂರು ಮಾಸಿಕ ಕಂತುಗಳಲ್ಲಿ ಕಟ್ಟುವುದು ಬಾಡಿಗೆದಾರರ ಹಕ್ಕು. ಮಾಲೀಕರು ಗೊತ್ತುಮಾಡಿದ ದಲ್ಲಾಳಿಯ ಶುಲ್ಕವನ್ನು ನೀವು ಕೊಡಬೇಕಿಲ್ಲ; 2015ರಿಂದ ದಲ್ಲಾಳಿಯನ್ನು ಕರೆದವರೇ ಕೊಡಬೇಕು. ಮನೆ ನೋಡುವ ಮುನ್ನ ಹಣ ಕೇಳುವವರು, ತಾವು ಬೇರೆ ದೇಶದಲ್ಲಿದ್ದೇವೆ, ಬೀಗದ ಕೈ ಅಂಚೆಯಲ್ಲಿ ಕಳುಹಿಸುತ್ತೇವೆ ಎನ್ನುವವರು ಮೋಸಗಾರರು. ಇದರಲ್ಲಿ ವಿನಾಯಿತಿ ಬೇಡ.

ಇನ್ನು ಖಾಲಿ ಮನೆ ಎಂದರೆ ಅಲ್ಲಿ ನಿಜವಾಗಿಯೂ ಖಾಲಿ. ಬರ್ಲಿನ್‌ನಲ್ಲಿ ಒಲೆ ಮತ್ತು ಸಿಂಕ್ ಸಾಮಾನ್ಯವಾಗಿ ಇರುತ್ತವೆ, ಜರ್ಮನಿಯ ಬೇರೆ ಊರುಗಳಲ್ಲಿ ಅದೂ ಇರುವುದಿಲ್ಲ. ಆದರೆ ಚಾವಣಿಯಿಂದ ದೀಪದ ಬದಲು ಎರಡು ತಂತಿ ನೇತಾಡುತ್ತಿರುತ್ತವೆ. ಪರದೆಯ ಕಂಬಿ, ಬಟ್ಟೆಯ ಬೀರು, ಫ್ರಿಜ್, ವಾಷಿಂಗ್ ಮಷೀನ್ ಎಲ್ಲ ನಿಮ್ಮದೇ ಖರ್ಚು. ಬಳಸಿದ ಸಾಮಾನುಗಳ ಜಾಲತಾಣದಲ್ಲಿ ಹುಡುಕಿ ತಂದರೂ 2,500 ಯೂರೋ ಬೇಕು, ಹೊಸದಾದರೆ 4,000. ಠೇವಣಿಗೆ 3,750, ಮೊದಲ ತಿಂಗಳ ಬಾಡಿಗೆ 1,550, ಅದಕ್ಕೂ ಮುನ್ನ ಕೋಣೆಯ ಠೇವಣಿ ಮತ್ತು ಬಾಡಿಗೆ, ಟಿಕೆಟ್ಟು, ವೀಸಾ. ಬಾಡಿಗೆ ತಿಂಗಳ ಮೂರನೆಯ ಕೆಲಸದ ದಿನದೊಳಗೆ ಕಟ್ಟಬೇಕು, ಸಂಬಳವಾದರೋ ತಿಂಗಳ ಕೊನೆಗೆ ಬರುತ್ತದೆ. ಇದನ್ನೆಲ್ಲ ನೋಡಿದರೆ 12,000 ಯೂರೋ ಕೈಯಲ್ಲಿಲ್ಲದೆ ಸಂಸಾರವನ್ನು ಕರೆಸಿಕೊಳ್ಳುವುದು ಸಾಹಸವೇ ಸರಿ.

ಉತ್ತರ 3: ದಕ್ಷಿಣದ ಕಿಟಕಿ

ಮೇಲಿನವರು ದಿನಸಿಗೆ ಹಿಡಿದ 600 ಯೂರೋ ನನಗೆ ಸ್ವಲ್ಪ ಹೆಚ್ಚೆನಿಸಿತು. ಮನೆಯಲ್ಲಿ ಅಡುಗೆ ಮಾಡುವ, ಮಾಂಸ ತಿನ್ನದ ಮೂವರ ಸಂಸಾರಕ್ಕೆ 450 ಸಾಕು. ಹಾಲು, ಮೊಸರು, ಹಿಟ್ಟು, ಆಲೂಗಡ್ಡೆ, ಈರುಳ್ಳಿಯಂಥವಕ್ಕೆ ಆಲ್ಡಿ, ಲಿಡ್ಲ್ ಅಂಗಡಿಗಳು. ಕೊತ್ತಂಬರಿ ಸೊಪ್ಪು, ಬದನೆ, ಬೆಂಡೆ, ಹಸಿಮೆಣಸಿನಕಾಯಿಗೆ ತುರ್ಕಿಯವರ ಅಂಗಡಿಗಳು. ಮಂಗಳವಾರ ಮತ್ತು ಶುಕ್ರವಾರ ನೋಯ್‌ಕ್ಯೋಲ್ನ್ ಬಡಾವಣೆಯಲ್ಲಿ ಕಾಲುವೆಯ ದಂಡೆಯ ಮೈಬಾಖ್‌ಊಫರ್ ಸಂತೆಗೆ ಸಂಜೆ ಮುಚ್ಚುವ ಹೊತ್ತಿಗೆ ಹೋದರೆ ತರಕಾರಿಯನ್ನು ಬುಟ್ಟಿಗಟ್ಟಲೆ ಕೂಗಿ ಮಾರುತ್ತಿರುತ್ತಾರೆ. ತೊಗರಿಬೇಳೆ, ಅಕ್ಕಿ, ಹುಣಸೆಹಣ್ಣು ಸಿಗುವ ಅಂಗಡಿಗಳೂ ಇವೆ, ಆದರೆ ಕರಿಬೇವನ್ನು ಮಾತ್ರ ಎಣಿಸಿ ಒಗ್ಗರಣೆಗೆ ಹಾಕುವಷ್ಟು ದುಬಾರಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ರೈಲು ನಿಲ್ದಾಣದ ಅಂಗಡಿಯಲ್ಲಿ ಕೊಂಡರೆ ಲೆಕ್ಕ ತಪ್ಪುತ್ತದೆ.

ಪ್ರಯಾಣದ ಪಾಸಿನ ಬಗ್ಗೆ: ಡಾಯ್ಚ್‌ಲಾಂಡ್‌ಟಿಕೆಟ್ 2023ರ ಮೇ ತಿಂಗಳಲ್ಲಿ ಬಂದಾಗ 49 ಯೂರೋ ಇತ್ತು, 2025ಕ್ಕೆ 58 ಆಯಿತು, 2026ರ ಜನವರಿಯಿಂದ 63. ಆದರೂ ಇಡೀ ದೇಶದ ಸ್ಥಳೀಯ ರೈಲು, ಬಸ್ಸು, ಮೆಟ್ರೋ ಎಲ್ಲದರಲ್ಲೂ ನಡೆಯುತ್ತದೆ. ಕಾರು ಬೇಡವೇ ಬೇಡ. ಕಂಪನಿಗಳು ಈ ಪಾಸಿನ ಒಂದು ಭಾಗವನ್ನು ಭರಿಸುವುದುಂಟು, ಕೇಳಿ ನೋಡಿ. ಆರು ವರ್ಷದೊಳಗಿನ ಮಗಳಿಗೆ ಟಿಕೆಟ್ ಇಲ್ಲ.

ನನ್ನ ಒಂದೇ ತಕರಾರೆಂದರೆ ಎಲ್ಲರೂ ತಿಂಗಳ ಖರ್ಚನ್ನೇ ಲೆಕ್ಕ ಹಾಕುತ್ತಾರೆ, ವರ್ಷಕ್ಕೊಮ್ಮೆ ಬರುವ ಕಾಗದಗಳನ್ನು ಮರೆಯುತ್ತಾರೆ. ವಾರ್ಮ್ ಬಾಡಿಗೆಯಲ್ಲಿ ಹೀಟಿಂಗಿಗೆಂದು ನೀವು ಕಟ್ಟುವುದು ಮುಂಗಡ ಮಾತ್ರ. ವರ್ಷದ ಲೆಕ್ಕ ಮುಗಿದ ಮೇಲೆ ಮಾಲೀಕರು ಹನ್ನೆರಡು ತಿಂಗಳೊಳಗೆ ನಿಜವಾದ ಖರ್ಚಿನ ಪಟ್ಟಿ ಕಳುಹಿಸುತ್ತಾರೆ, ಬಳಕೆ ಹೆಚ್ಚಾಗಿದ್ದರೆ ನೂರಾರು ಯೂರೋ ಒಮ್ಮೆಲೇ ಕಟ್ಟಬೇಕಾಗುತ್ತದೆ. ಬೆಚ್ಚನೆಯ ಊರಿನಿಂದ ಬಂದವರು ರೇಡಿಯೇಟರಿನ ತಿರುಪನ್ನು 5ಕ್ಕೆ ತಿರುಗಿಸಿ, ಕೋಣೆ ಬೇಗ ಬಿಸಿಯಾಗಲೆಂದು ಬಯಸುತ್ತಾರೆ. ಆ ಅಂಕಿ ವೇಗವನ್ನು ಹೇಳುವುದಿಲ್ಲ, ತಲುಪಬೇಕಾದ ಉಷ್ಣತೆಯನ್ನು ಹೇಳುತ್ತದೆ. 3 ಎಂದರೆ ಸುಮಾರು 20 ಡಿಗ್ರಿ, 5 ಎಂದರೆ ಸುಮಾರು 28. ಗಾಳಿಗೆಂದು ಕಿಟಕಿಯನ್ನು ದಿನವಿಡೀ ಓರೆಯಾಗಿ ತೆರೆದಿಡುವುದರಿಂದ ಗೋಡೆ ತಣ್ಣಗಾಗಿ ಬಿಲ್ಲು ಇನ್ನೂ ಏರುತ್ತದೆ. ಐದು ನಿಮಿಷ ಪೂರ್ತಿ ತೆರೆದು ಮುಚ್ಚಿಬಿಡುವುದು ಅಲ್ಲಿಯವರ ಕ್ರಮ.

ವಿದ್ಯುತ್ತಿನದೂ ಹೀಗೆಯೇ. ಹೊಸ ಮನೆಯಲ್ಲಿ ದೀಪ ಹಾಕಿದ ಗಳಿಗೆಯಿಂದಲೇ ಆ ಪ್ರದೇಶದ ಮೂಲ ಪೂರೈಕೆದಾರರ ದುಬಾರಿ ದರದಲ್ಲಿ ನಿಮ್ಮ ಹೆಸರಿಗೆ ಲೆಕ್ಕ ಶುರುವಾಗುತ್ತದೆ. ಬೀಗದ ಕೈ ಪಡೆಯುವ ದಿನ ಮೀಟರಿನ ಅಂಕಿಯ ಫೋಟೋ ತೆಗೆದಿಟ್ಟುಕೊಂಡು, ಅಗ್ಗದ ದರದ ಕಂಪನಿಗೆ ಬದಲಾಯಿಸಿ. ಮೂಲ ಪೂರೈಕೆಯಿಂದ ಎರಡು ವಾರದ ಸೂಚನೆ ಕೊಟ್ಟು ಹೊರಬರಬಹುದು. ರೇಡಿಯೋ ಮತ್ತು ಟಿ.ವಿ. ವಂತಿಗೆ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಮನೆಯಲ್ಲಿ ಟಿ.ವಿ. ಇಲ್ಲವೆಂದು ಪತ್ರ ಬರೆದು ಉಪಯೋಗವಿಲ್ಲ, ಇದ್ದರೂ ಇಲ್ಲದಿದ್ದರೂ ಕಟ್ಟಬೇಕು. ಇಡೀ ಕಟ್ಟಡಕ್ಕೆ ಹೊಂದುವ ಬೀಗದ ಕೈ ಕಳೆದುಹೋದರೆ ಬೀಗಗಳನ್ನೆಲ್ಲ ಬದಲಾಯಿಸುವ ಖರ್ಚು ಸಾವಿರಗಟ್ಟಲೆ ಯೂರೋ ಆಗಬಹುದು. ಅದಕ್ಕೇ ಹಾಫ್ಟ್‌ಪ್ಲಿಖ್ಟ್ ಎಂಬ ಹೊಣೆಗಾರಿಕೆ ವಿಮೆಯನ್ನು ಮೊದಲ ವಾರವೇ ಮಾಡಿಸಿ, ಕೀಲಿಕೈ ನಷ್ಟವೂ ಅದರಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿ. ಇಡೀ ಸಂಸಾರಕ್ಕೆ ವರ್ಷಕ್ಕೆ ನೂರು ಯೂರೋ ಒಳಗೆ ಮುಗಿಯುತ್ತದೆ.

ಹೊಸಹೆಜ್ಜೆ

ಮೂವರಿಗೂ ಅನಂತ ವಂದನೆಗಳು. ಇಷ್ಟು ಸ್ಪಷ್ಟವಾದ ಚಿತ್ರ ನನಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಮೊದಲ ಆರು ತಿಂಗಳು ಊರಿಗೆ ಹಣ ಕಳುಹಿಸದೆ, ಸಾಲದ ಕಂತಿಗೆ ಇಲ್ಲಿಯೇ ಅಷ್ಟು ಹಣ ಎತ್ತಿಟ್ಟು ಹೊರಡುವುದೆಂದು ತೀರ್ಮಾನಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ಮಗಳ ಶಾಲೆಗೆ, ಅದಕ್ಕೂ ಮುನ್ನ ಶಿಶುವಿಹಾರಕ್ಕೆ ಎಷ್ಟು ಖರ್ಚಾಗುತ್ತದೆ? ಅಂತರರಾಷ್ಟ್ರೀಯ ಶಾಲೆಯ ಶುಲ್ಕ ನೋಡಿ ಗಾಬರಿಯಾಯಿತು. ಎರಡನೆಯದಾಗಿ, ಖಾಸಗಿ ಆರೋಗ್ಯ ವಿಮೆ ತೆಗೆದುಕೊಂಡರೆ ಕಡಿತ ಕಡಿಮೆಯಾಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಅದು ಸರಿಯೇ?

ಉತ್ತರ 4: ಪುಟ್ಟಿಯ ಅಮ್ಮ

ಮಗುವಿನ ವಿಷಯದಲ್ಲಿ ಬರ್ಲಿನ್ ಉದಾರವಾದ ನಗರ, ಚಿಂತೆ ಬಿಡಿ. ಅಲ್ಲಿ ಕೀಟಾ ಎನ್ನುವ ಶಿಶುವಿಹಾರಕ್ಕೆ 2018ರ ಆಗಸ್ಟ್‌ನಿಂದ ಯಾವ ವಯಸ್ಸಿನ ಮಗುವಿಗೂ ಶುಲ್ಕವಿಲ್ಲ. ಊಟಕ್ಕೆ ತಿಂಗಳಿಗೆ 23 ಯೂರೋ ಮಾತ್ರ. ಕೆಲವು ಕೀಟಾಗಳು ಬೆಳಗಿನ ತಿಂಡಿ, ಸಂಗೀತ ಎಂದು ಇನ್ನಷ್ಟು ಕೇಳುತ್ತವೆ, ಅದನ್ನು ಒಪ್ಪಲೇಬೇಕೆಂದಿಲ್ಲ. ಜರ್ಮನಿಯ ಬೇರೆ ಊರಿನಲ್ಲಿರುವ ಗೆಳತಿಯರು ಇದೇ ಸೌಲಭ್ಯಕ್ಕೆ ನೂರಾರು ಯೂರೋ ಕೊಡುವುದನ್ನು ಕೇಳಿದಾಗ, ಇಲ್ಲಿನ ಬಾಡಿಗೆಯನ್ನು ಬೈಯುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ.

ಆದರೆ ಶುಲ್ಕವಿಲ್ಲದಿರುವುದು ಬೇರೆ, ಜಾಗ ಸಿಗುವುದು ಬೇರೆ. ಮೊದಲು ನಿಮ್ಮ ಬಡಾವಣೆಯ ಯೂಗೆಂಟ್‌ಆಮ್ಟ್ ಎಂಬ ಮಕ್ಕಳ ಮತ್ತು ಯುವಜನರ ಕಚೇರಿಯಿಂದ ಕೀಟಾ ಗುಟ್‌ಶೈನ್ ಎಂಬ ಚೀಟಿ ಪಡೆಯಬೇಕು. ಮಗು ಸೇರುವ ದಿನಕ್ಕೆ ಒಂಬತ್ತು ತಿಂಗಳು ಮೊದಲಿನಿಂದ ಎರಡು ತಿಂಗಳು ಮೊದಲಿನವರೆಗೆ ಅರ್ಜಿ ಹಾಕುವುದು ನಿಯಮ. ಚೀಟಿ ಕೈಗೆ ಬಂದ ಮೇಲೆ ಕೀಟಾಗಳಿಗೆ ನೀವೇ ಪತ್ರ ಬರೆದು, ಫೋನ್ ಮಾಡಿ, ಹೋಗಿ ನೋಡಿ ಜಾಗ ಹುಡುಕಬೇಕು. ಕೆಲವು ವರ್ಷಗಳ ಹಿಂದೆ ಇದು ದೊಡ್ಡ ಗೋಳಾಗಿತ್ತು. ಈಗ ನಗರದಲ್ಲಿ ಜನನಗಳ ಸಂಖ್ಯೆ ಇಳಿದಿರುವುದರಿಂದ ಅನೇಕ ಕೀಟಾಗಳಲ್ಲಿ ಜಾಗ ಖಾಲಿ ಇದೆ, ಮಧ್ಯದಲ್ಲಿ ಬಂದ ಮಗುವನ್ನೂ ಸೇರಿಸಿಕೊಳ್ಳುತ್ತಾರೆ.

ನಾಲ್ಕು ವರ್ಷದ ಮಗುವಿಗೆ ಕೀಟಾದಲ್ಲಿ ಕಳೆಯುವ ಎರಡು ವರ್ಷ ಬಹಳ ಮುಖ್ಯ. ಅಷ್ಟರಲ್ಲಿ ಅವಳು ಜರ್ಮನ್ ಮಾತನಾಡುತ್ತಾಳೆ, ಅಂತರರಾಷ್ಟ್ರೀಯ ಶಾಲೆಯ ಅಗತ್ಯವೇ ಬೀಳುವುದಿಲ್ಲ. ಸೆಪ್ಟೆಂಬರ್ 30ರೊಳಗೆ ಆರು ತುಂಬುವ ಮಕ್ಕಳು ಆ ವರ್ಷ ಶಾಲೆಗೆ ಸೇರಬೇಕು. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಆರನೆಯ ತರಗತಿಯವರೆಗೆ ಮಧ್ಯಾಹ್ನದ ಊಟವೂ, ನಗರದೊಳಗಿನ ಪ್ರಯಾಣದ ಪಾಸೂ 2019ರಿಂದ ಉಚಿತ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಗೂ ಈಗ ಮೊದಲ ಮೂರು ತರಗತಿಗಳಿಗೆ ಹಣ ಕೊಡಬೇಕಿಲ್ಲ. ಎರಡು ಮೂರು ವರ್ಷ ಮಾತ್ರ ಇದ್ದು ಹಿಂದಿರುಗುವುದು ಖಚಿತವಾಗಿದ್ದರೆ ಇಂಗ್ಲಿಷ್ ಶಾಲೆಯ ಮಾತು ಬೇರೆ. ಆಗ ಈ ಸಂಬಳ ಸಾಲದು, ಕಂಪನಿಯೇ ಶುಲ್ಕ ಕೊಡುವುದಾದರೆ ಮಾತ್ರ ಯೋಚಿಸಿ.

ಕಿಂಡರ್‌ಗೆಲ್ಡ್ ಅರ್ಜಿಯನ್ನು ಮಗಳ ಅನ್‌ಮೆಲ್ಡುಂಗ್ ಆಗಿ ಅವಳ ತೆರಿಗೆ ಸಂಖ್ಯೆ ಬಂದ ಕೂಡಲೇ ಹಾಕಿ. ಮಂಜೂರಾಗಲು ತಿಂಗಳುಗಳು ಹಿಡಿದರೂ ಹಿಂಬಾಕಿ ಬರುತ್ತದೆ. ಆದರೆ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಆರು ತಿಂಗಳಿನದು ಮಾತ್ರ. ಜನನ ಪತ್ರದ ಎರಡು ಮೂರು ಪ್ರತಿಗಳನ್ನು ಊರಿನಿಂದಲೇ ತನ್ನಿ.

ನಿಮ್ಮ ಮನೆಯವರ ಬಗ್ಗೆಯೂ ಒಂದು ಮಾತು. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಬರುವ ಮುನ್ನ ಜರ್ಮನ್ ಪರೀಕ್ಷೆಯ ಕಡ್ಡಾಯವಿಲ್ಲ, ಬಂದ ಮೇಲೆ ಕೆಲಸ ಮಾಡಲು ಪ್ರತ್ಯೇಕ ಅನುಮತಿಯೂ ಬೇಕಿಲ್ಲ. ಕಡ್ಡಾಯವಿಲ್ಲವೆಂದು ಸುಮ್ಮನಿರಬೇಡಿ ಎನ್ನುತ್ತೇನೆ. ಲೆಕ್ಕಪತ್ರದ ಕೆಲಸಕ್ಕೆ ಜರ್ಮನ್ ಬೇಕೇ ಬೇಕು, ಮತ್ತು ನೀವು ಒಬ್ಬರೇ ಇರುವ ಆ ಮೂರ್ನಾಲ್ಕು ತಿಂಗಳಲ್ಲಿ ಅವರು ಊರಿನಲ್ಲಿ ಮೊದಲ ಎರಡು ಹಂತ ಮುಗಿಸಿಕೊಂಡರೆ ಇಲ್ಲಿ ಅಷ್ಟು ತಿಂಗಳ ಸಂಬಳ ಮುಂಚಿತವಾಗಿ ಬಂದಂತೆ. ಬಂದ ಮೇಲೆ ಪ್ರತಿ ಬಡಾವಣೆಯಲ್ಲೂ ಇರುವ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರದ ತರಗತಿಗಳು ಖಾಸಗಿ ಸಂಸ್ಥೆಗಳಿಗಿಂತ ಬಹಳ ಅಗ್ಗ.

ಉತ್ತರ 5: ಲೆಕ್ಕಿಗ

ವಿಮೆಯ ಬಗ್ಗೆ ಕೇಳಿದ್ದೀರಿ. ಖಾಸಗಿ ಆರೋಗ್ಯ ವಿಮೆಗೆ ಹೋಗಲು ನೌಕರರ ಸಂಬಳ ಒಂದು ಮಿತಿ ಮೀರಿರಬೇಕು. 2026ಕ್ಕೆ ಆ ಮಿತಿ ವರ್ಷಕ್ಕೆ 77,400 ಯೂರೋ. 66,000 ಸಂಬಳದವರಿಗೆ ಆ ಬಾಗಿಲು ತೆರೆಯುವುದೇ ಇಲ್ಲ, ಹಾಗೆ ತೆರೆಯದಿರುವುದು ಸಂಸಾರಸ್ಥರ ಪಾಲಿಗೆ ಒಳ್ಳೆಯದೇ. ಸಾರ್ವಜನಿಕ ವಿಮೆಯಲ್ಲಿ ಸಂಬಳವಿಲ್ಲದ ಸಂಗಾತಿ ಮತ್ತು ಮಗು ನಿಮ್ಮ ವಂತಿಗೆಯಲ್ಲೇ ಸೇರಿಕೊಳ್ಳುತ್ತಾರೆ. ಖಾಸಗಿಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಟ್ಟಬೇಕು, ವಯಸ್ಸಾದಂತೆ ಕಂತು ಏರುತ್ತದೆ, ಹಿಂದಿರುಗಿ ಬರುವುದು ಕಷ್ಟ. ನಿಮ್ಮ ಪರಿಚಯದವರು ಬಹುಶಃ ಒಂಟಿಯಾಗಿ ಇರುವವರು.

ಸಾರ್ವಜನಿಕ ವಿಮಾಸಂಸ್ಥೆಗಳಲ್ಲಿ ಹೆಚ್ಚುವರಿ ವಂತಿಗೆಯ ದರ ಒಂದೊಂದರಲ್ಲಿ ಒಂದೊಂದು ರೀತಿ ಇರುತ್ತದೆ. ಚಿಕಿತ್ಸೆಯ ಸೌಲಭ್ಯ ಬಹುಪಾಲು ಒಂದೇ ಆಗಿರುವುದರಿಂದ, ಕಂಪನಿಯವರು ಸೂಚಿಸಿದ ಸಂಸ್ಥೆಯನ್ನೇ ಒಪ್ಪಿಕೊಳ್ಳದೆ ದರಗಳನ್ನು ಹೋಲಿಸಿ ನೋಡಿ. ಇಂಗ್ಲಿಷ್‌ನಲ್ಲಿ ವ್ಯವಹರಿಸುವ ಸಂಸ್ಥೆಯನ್ನು ಆರಿಸುವುದಾದರೆ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ವೈದ್ಯರ ಭೇಟಿಗೆ ಹಣವಿಲ್ಲ, ಔಷಧಿಗೆ ದೊಡ್ಡವರು ಒಂದೊಂದಕ್ಕೆ 5ರಿಂದ 10 ಯೂರೋ ಕೊಡಬೇಕು, ಮಕ್ಕಳಿಗೆ ಅದೂ ಇಲ್ಲ. ಪಿಂಚಣಿಗೆ ಹೋಗುವ ಶೇ. 9.3 ಕೂಡ ಕಳೆದುಹೋದ ಹಣವಲ್ಲ. ಭಾರತ ಮತ್ತು ಜರ್ಮನಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದ್ದು, ಪಿಂಚಣಿಯ ಅರ್ಹತೆಗೆ ಎರಡೂ ದೇಶಗಳ ವಂತಿಗೆಯ ಅವಧಿಯನ್ನು ಒಟ್ಟುಗೂಡಿಸಿ ನೋಡುತ್ತಾರೆ.

ಕರಾರಿಗೆ ಸಹಿ ಹಾಕುವ ಮುನ್ನ ಒಂದು ಕೆಲಸ ಮಾಡಿ. ಸಂಬಳ ಏರಿಸಿ ಎಂದು ಕೇಳುವುದಕ್ಕಿಂತ ಸ್ಥಳಾಂತರದ ಖರ್ಚನ್ನು ಕಂಪನಿ ಭರಿಸಬೇಕೆಂದು ಕೇಳುವುದು ನಿಮಗೆ ಹೆಚ್ಚು ಲಾಭ. ವರ್ಷಕ್ಕೆ 3,000 ಯೂರೋ ಏರಿಸಿದರೆ ಕಡಿತಗಳ ನಂತರ ತಿಂಗಳಿಗೆ ನೂರೈವತ್ತರ ಸುತ್ತಮುತ್ತ ಬಂದೀತು. ಆದರೆ ಟಿಕೆಟ್ಟು, ಸಾಮಾನು ಸಾಗಣೆಯಂಥ ವೆಚ್ಚಗಳನ್ನು ರಸೀತಿಯ ಮೇಲೆ ಭರಿಸಿದರೆ ನಿಯಮಗಳ ಮಿತಿಯೊಳಗೆ ಅದಕ್ಕೆ ತೆರಿಗೆ ಬೀಳುವುದಿಲ್ಲ, ನಿಮಗೆ ಹಣದ ಅಗತ್ಯ ಅತಿ ಹೆಚ್ಚಿರುವ ತಿಂಗಳುಗಳಲ್ಲೇ ಅದು ಕೈಗೆ ಬರುತ್ತದೆ. ಮೊದಲ ಎರಡು ಮೂರು ತಿಂಗಳು ಕಂಪನಿಯ ಹೆಸರಿನಲ್ಲೇ ವಸತಿ ಒದಗಿಸುವಂತೆಯೂ ಕೇಳಬಹುದು. ಆ ವಿಳಾಸದಲ್ಲಿ ನೋಂದಣಿಗೆ ಅವಕಾಶ ಇದೆಯೇ ಎಂಬ ಪ್ರಶ್ನೆಯನ್ನು ಅದೇ ಇಮೇಲ್‌ನಲ್ಲಿ ಸೇರಿಸಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ.